ಕಳ್ಳಿ ಭಾಷಣಕ್ಕೊಂದು ಹೂವಿನ ಹಾರ

ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿ ಹಿಟ್ಟಿನ ಗಿರಣಿ ಭಾನುವಾರ ಬಂದ್ ಆಯಿತೆಂದರೆ ಯಾರೋ ಸತ್ತಿದ್ದಾರೆ ಎಂದು ಅರ್ಥ. ಬೇರೆ ಯಾವ ಕಾರಣಕ್ಕೂ ಅದು ಬಂದ್ ಆಗುವುದಿಲ್ಲ. ನನಗೆ ಜ್ವರ ಬಂದರೂ ಇಲ್ಲ, ಕರೆಂಟು ಹೋದರೂ ಇಲ್ಲ, ಹೆಂಡತಿಯ ಕಡೆಯ ನೆಂಟರು ಬಂದರಂತೂ ಇಲ್ಲವೇ ಇಲ್ಲ. ಗಿರಣಿ ನನ್ನದು, ಅದಕ್ಕೇ ಈ ಮಾತನ್ನು ಸ್ವಲ್ಪ ಜಂಬದಿಂದ ಹೇಳುತ್ತಿದ್ದೇನೆ. ಅಂಥ ಗಿರಣಿಯನ್ನು ೨೦೦೮ರ ಶ್ರಾವಣದ ಮೊದಲ ಭಾನುವಾರ, ಯಾರೂ ಸಾಯದೆ, ಬಂದ್ ಮಾಡಿಸಿದವನು ಪಕ್ಕದ ಮನೆಯ ವಿರೂಪಾಕ್ಷಪ್ಪ. ಅದೂ ಕಳ್ಳಿಗಾಗಿ.

ವಿರೂಪಾಕ್ಷಪ್ಪನೂ ನಾನೂ ಒಂದೇ ಬೆಂಚಿನಲ್ಲಿ ಕೂತು ಕಲಿತವರು. ಅವನಿಗೆ ಸ್ಟೀಲ್ ಪಾತ್ರೆಯ ಅಂಗಡಿ. ಮದುವೆಗೆ ಆಯೇರಿ, ಅಂದರೆ ಉಡುಗೊರೆ, ಮಾಡುವವರು ಕೊಂಡ ಪಾತ್ರೆಯ ಮೇಲೆ ಹೆಸರು ಕೊರೆದು ಕೊಡುವುದರಲ್ಲಿ ಅವನ ಕೈ ಬಹಳ ಚಂದ. ಸೊಟ್ಟಗಾಗಿ ಮಾರಾಟವಾಗದೆ ಉಳಿದ ಪಾತ್ರೆಗಳ ತಳಕ್ಕೆ ತೂತು ಹಾಕಿ ಕಳ್ಳಿ ನೆಡುತ್ತಿದ್ದ. ತಂಬಿಗೆಯಲ್ಲಿ ಕಳ್ಳಿ, ಕೊಳಗದಲ್ಲಿ ಕಳ್ಳಿ, ಟಿಫಿನ್ ಡಬ್ಬಿಯ ಮೂರೂ ಅಂತಸ್ತಿನಲ್ಲಿ ಕಳ್ಳಿ. ಸುಮ್ಮನೆ ನೆಟ್ಟರೆ ಆಗುತ್ತಿತ್ತು, ಪ್ರತಿ ಪಾತ್ರೆಯ ಮೇಲೂ ಅದರ ಶಾಸ್ತ್ರೀಯ ಹೆಸರು ಕೊರೆಯುತ್ತಿದ್ದ. 'ಯುಫೋರ್ಬಿಯಾ' ಎಂದು ಕೊರೆದ ಕೊಳಗವನ್ನು ಯಾರೋ ಓದಿ ಹೇಳಿದಾಗ ನಮ್ಮವ್ವ ಮುದುಕವ್ವ, "ಇವರು ಯಾವೂರ ಬೀಗರಪಾ, ಭಾರಿ ದೊಡ್ಡ ಆಯೇರಿ ಮಾಡ್ಯಾರಲ್ಲ" ಎಂದು ಬೆರಗಾಗಿದ್ದಳು.

ಈ ಹುಚ್ಚು ಬರೀ ಹುಚ್ಚಾಗಿ ಉಳಿದಿದ್ದರೆ ನಾನು ಬಾಯಿ ತೆರೆಯುತ್ತಿರಲಿಲ್ಲ. ಅವನಿಗಿದ್ದವಳು ಒಬ್ಬಳೇ ತಂಗಿ, ಸಿದ್ದವ್ವ, ಗುತ್ತಲಕ್ಕೆ ಕೊಟ್ಟವಳು. ನಾಲ್ಕು ವರ್ಷದ ಹಿಂದೆ ಅವಳ ಮಗಳು ಅರುಣಾಳನ್ನು ನೋಡಲು ಬ್ಯಾಡಗಿಯಿಂದ ಗಂಡಿನವರು ಬಂದರು. ಬರುವವರಿಗೆ ಹತ್ತಿರವಾಗಲಿ ಎಂದು ಸೋದರಮಾವನ ಮನೆಯಲ್ಲೇ ಹುಡುಗಿಯನ್ನು ತೋರಿಸಿದರು. ಗಂಡಿನ ದೊಡ್ಡಪ್ಪ ಮೆಣಸಿನಕಾಯಿ ವ್ಯಾಪಾರದ ಭಾರೀ ಆಸಾಮಿ. ಎರಡು ಪ್ಲೇಟು ಅವಲಕ್ಕಿ ಮುಗಿಸಿ, ಹುಡುಗಿ ಪಸಂದ್ ಎಂದು ಹೇಳುವ ಉಮೇದಿನಲ್ಲಿ ಹಿಂದಕ್ಕೆ ಒರಗಿದ. ಹಿಂದೆ ಕಿಟಕಿಯ ಕಟ್ಟೆಯ ಮೇಲೆ ಮುಳ್ಳುಗಳ್ಳಿ ಇತ್ತು. ಆಮೇಲೆ ಅವನ ಬಾಯಿಂದ ಬಂದ ಮಾತುಗಳಲ್ಲಿ ಪಸಂದ್ ಎಂಬುದು ಇರಲಿಲ್ಲ. ಅಂಗಿ ಕಳಚಿಸಿ ಬೆನ್ನಿನ ಮುಳ್ಳು ಕೀಳುವಾಗಲಾದರೂ ಈ ವಿರೂಪಾಕ್ಷಪ್ಪ ಸುಮ್ಮನಿರಬೇಡವೇ? "ಹಗೂರಕ ರೀ, ಗಿಡಕ್ಕ ತ್ರಾಸ ಆಗೀತು" ಎಂದುಬಿಟ್ಟ. ಸಂಬಂಧ ಅಲ್ಲಿಗೇ ಮುರಿಯಿತು.

ಅರುಣಾಳಿಗೆ ಮುಂದೆ ಹೊಸರಿತ್ತಿಯಲ್ಲಿ ಒಳ್ಳೆಯ ಮನೆತನವೇ ಸಿಕ್ಕಿತು. ಮದುವೆಯಲ್ಲಿ ಸೋದರಮಾವನ ಕೆಲಸವನ್ನು ಇವನೇ ಮಾಡಿ ಬಂದ. ಸಿದ್ದವ್ವ ಎಷ್ಟು ಬೇಕೋ ಅಷ್ಟೇ ಮಾತಾಡಿದಳು. ಆದರೆ ತವರಿನ ಹೊಸ್ತಿಲು ತುಳಿಯಲಿಲ್ಲ. ನಾಗರಪಂಚಮಿಗೂ ಬರಲಿಲ್ಲ. ಪಂಚಮಿಗೆ ತಂಗಿ ಬಾರದ ಮನೆಯಲ್ಲಿ ಹಬ್ಬ ಮಾಡುವುದಾದರೂ ಹೇಗೆ? ಶಾರದವ್ವ, ಅಂದರೆ ವಿರೂಪಾಕ್ಷಪ್ಪನ ಹೆಂಡತಿ, ಶೇಂಗಾ ಉಂಡಿ, ಎಳ್ಳುಂಡಿ ಎಲ್ಲವನ್ನೂ ಕಟ್ಟುತ್ತಿದ್ದಳು, ಓಣಿಯ ಮಕ್ಕಳು ತಿಂದು ಹೋಗುತ್ತಿದ್ದವು. ಇವನು ಹಬ್ಬದ ದಿನವೂ ಅಂಗಡಿ ತೆರೆದು ಒಬ್ಬನೇ ಕೂಡುತ್ತಿದ್ದ.

"ಆಕೀಗೆ ಕಳ್ಳಿ ಮ್ಯಾಲಿನ ಸಿಟ್ಟು ಇನ್ನೂ ಇಳದಿಲ್ಲ, ಹನುಮೇಶ" ಎನ್ನುತ್ತಿದ್ದ.

"ಹಂಗಾದ್ರ ಕಳ್ಳಿ ಕಿತ್ತ ಒಗಿ."

"ಒಗದ್ರ ಅವು ಎಲ್ಲಿ ಹೋಗಬೇಕು?" ಎಂದು ನನ್ನನ್ನೇ ಕೇಳುತ್ತಿದ್ದ. ಇದಕ್ಕೆ ಏನು ಹೇಳುತ್ತೀರಿ?

ಆ ಹೊತ್ತಿಗೆ ಅವನ ಮನೆಗೆ ಕಂಪ್ಯೂಟರ್ ಬಂತು. ಧಾರವಾಡದಲ್ಲಿ ಕಳ್ಳಿಪ್ರಿಯರ ಒಂದು ಮಂಡಳಿ ಇತ್ತು. ತಿಂಗಳಿಗೊಮ್ಮೆ ಅವರು ಇಂಟರ್ನೆಟ್ಟಿನಲ್ಲಿ ಭಾಷಣ ಇಡುತ್ತಿದ್ದರು. ಯಾವ ಕಳ್ಳಿ ಯಾವ ನೆಲದ್ದು, ಹುಟ್ಟಿದ ನೆಲದಲ್ಲಿ ಅದು ಹೇಗೆ ಬದುಕುತ್ತದೆ ಎಂಬುದೇ ವಿಷಯ. ಕೇಳುವವರು ಅವರವರ ಮನೆಯಲ್ಲೇ ಕೂತು ಕೇಳುವುದು, ಪ್ರಶ್ನೆ ಇದ್ದರೆ ಟೈಪ್ ಮಾಡಿ ಕಳಿಸುವುದು. ಒಂದು ಸಲ ಮೆಕ್ಸಿಕೋದ ಮರುಭೂಮಿಯಿಂದ ಮಾತಾಡಿದ ಪ್ರೊಫೆಸರರೊಬ್ಬರು, ನಮ್ಮ ಹೊಲಗಳ ಬೇಲಿಯ ಡಬ್ಬಗಳ್ಳಿ ನಿಜಕ್ಕೂ ನಮ್ಮದಲ್ಲ, ಅಲ್ಲಿಂದ ಬಂದದ್ದು ಎಂದರು. ವಿರೂಪಾಕ್ಷಪ್ಪನಿಗೆ ಮೈ ಉರಿಯಿತು. ಒಂದೊಂದೇ ಅಕ್ಷರ ಹುಡುಕಿ ಕುಟ್ಟಿ, "ಹಾಗಾದರೆ ನಮ್ಮದು ಅಂತ ಏನೂ ಇಲ್ಲವೋ?" ಎಂದು ಕೇಳಿದ. ಧಾರವಾಡದ ಅಧ್ಯಕ್ಷರು ಬಹಳ ಸಮಾಧಾನದಿಂದ, "ನಿಮ್ಮ ನೆಲದ್ದು ಯಾವುದೆಂದು ಮುಂದಿನ ತಿಂಗಳು ತಾವೇ ಹೇಳಬೇಕು" ಎಂದು ಉತ್ತರ ಕೊಟ್ಟರು.

ಮುಂದಿನ ಭಾಷಣ ಇನ್ನೊಂದು ವಾರವಿದೆ ಎನ್ನುವಾಗ ಗಿರಣಿಗೆ ಬಂದ. ಜೋಳ ತಂದಿರಲಿಲ್ಲ.

"ನಾ ಭಾಷಣ ಮಾಡಾಕ ಒಪ್ಪಕೊಂಡೇನಿ. ಐರಣಿ ಹತ್ರ ಬಂಡಿಗಲ್ಲಿನ ಸಂದಿಯೊಳಗ ಎಲಿ ಇಲ್ದ ಬೆರಳ ಗಾತ್ರದ್ದು ಬೆಳಿತೈತಲ್ಲ, ಅದರ ಮ್ಯಾಲೆ. ಅದು ಖರೇ ನಮ್ಮದು. ಹಾವೇರಿ ಹೂಗಿಡ ಬಳಗದವರೂ ಎಲ್ಲಾರೂ ಕೂಡಿ ಕೇಳತಾರಂತ. ಭಾನುವಾರ ಹನ್ನೊಂದಕ್ಕ ನೀ ಗಿರಣಿ ಬಂದ್ ಇಡಬೇಕು."

"ಯಾಕ, ನಿನ್ನ ಕಳ್ಳಿಗೆ ನಿದ್ದಿ ಕೆಡತೈತೇನು?"

"ಹಂಗಲ್ಲೋ." ತಲೆ ತಗ್ಗಿಸಿ ಬಟ್ಟೆಯ ಮೇಲಿನ ಹಿಟ್ಟು ಝಾಡಿಸಿದ. ಹಿಟ್ಟು ನನ್ನ ಬಟ್ಟೆಯ ಮೇಲಿತ್ತು. "ಗುತ್ತಲದ ಹೊಳಿಯಪ್ಪಗ ಹಾವೇರಿ ಮೀಟಿಂಗಿಗೆ ಹೋಗು ಅಂತ ಹೇಳೇನಿ. ಅವನ ಮನಿ ಸಿದ್ದಿ ಮನಿ ಎದುರಿಗೇ ಐತಿ. ನಾಕ ಮಂದಿ ಮುಂದ ನಮ್ಮಣ್ಣನ ಕಳ್ಳಿಗೆ ಮರ್ಯಾದಿ ಸಿಕ್ತು ಅಂತ ಆಕಿ ಕಿವಿಗೆ ಬಿದ್ರ ಸಿಟ್ಟ ಇಳದೀತು. ಈ ಪಂಚಮಿಗರೆ ಬಂದಾಳು."

ಇಷ್ಟು ಕೇಳಿದ ಮೇಲೆ ಗಿರಣಿ ತೆರೆಯಲು ನನಗೇನು ಕಲ್ಲಿನ ಮನಸ್ಸೇ? ಬಂದ್ ಮಾಡುತ್ತೇನೆ ಎಂದೆ.

ಇನ್ನು ಹಾವೇರಿಯಲ್ಲಿ ನಡೆದದ್ದನ್ನು ನಾನು ಆಮೇಲೆ ಅವರಿವರನ್ನು ಕೇಳಿ ಜೋಡಿಸಿದ್ದು. ಹೂಗಿಡ ಬಳಗದ ಅಧ್ಯಕ್ಷರು ಪ್ರೇಮಕುಮಾರ ಮಾಸ್ತರರು. ರಿಟೈರ್ಡ್ ಆದರೂ ಸಭೆ ನಡೆಸುವ ಚಟ ರಿಟೈರ್ಡ್ ಆಗಿರಲಿಲ್ಲ. ದೀಪ, ಸ್ವಾಗತ, ಹಾರ, ಶಾಲು, ಪ್ರಾಸ್ತಾವಿಕ, ವಂದನಾರ್ಪಣೆ ಇವಿಲ್ಲದೆ ನಾಲ್ಕು ಜನ ಸೇರಿದರೆ ಅದು ಸಂತೆ ಎಂಬುದು ಅವರ ಸಿದ್ಧಾಂತ. ಸಭೆ ಸೇರಿದ್ದು ಶೈಲಶ್ರೀ ಎಂಬಾಕೆಯ ಇಂಟರ್ನೆಟ್ ಸೆಂಟರಿನಲ್ಲಿ, ರಸ್ತೆಗೆ ಬಾಗಿಲು ತೆರೆದ ಕೋಣೆ. ವಿರೂಪಾಕ್ಷಪ್ಪನ ಕ್ಯಾಮೆರಾದ ಚಿತ್ರ ಬರಲು ಒಲ್ಲೆ ಎಂದಿತು. "ಸಾರ್, ಅವರ ಫೋಟೋ ಮೇಲ್‌ನ್ಯಾಗ ಐತಿ, ಅದನ್ನ ಹಾಕತೇನಿ" ಎಂದು ಶೈಲಶ್ರೀ ಫೋಟೋವನ್ನು ಪರದೆಯ ತುಂಬ ಹಾಕಿದಳು. ಹಣೆಯ ತುಂಬ ವಿಭೂತಿ, ಅರೆ ಮುಚ್ಚಿದ ಕಣ್ಣು, ಹಿಂದೆ ನೀಲಿ ಆಕಾಶ. ಸ್ಟುಡಿಯೋದವನು ಇಂಥ ಫೋಟೋವನ್ನು ಬದುಕಿದ್ದವರಿಗೂ ತೆಗೆಯುತ್ತಾನೆ ಎಂದು ನಂಬುವುದು ಕಷ್ಟ.

ಹೊರಗಿನ ಕಾಸೀಮಸಾಬನ ಹೂವಿನ ಅಂಗಡಿಯಿಂದ ಮೊದಲೇ ತರಿಸಿದ ಸೇವಂತಿಗೆ ಹಾರ ಮಾಸ್ತರರ ಕೈಯಲ್ಲಿತ್ತು. ಅತಿಥಿಯ ಕೊರಳು ರಾಣೆಬೆನ್ನೂರಿನಲ್ಲಿ. ಮಾಸ್ತರರು ಒಂದು ಗಳಿಗೆ ವಿಚಾರ ಮಾಡಿ ಹಾರವನ್ನು ಪರದೆಗೇ ಹಾಕಿದರು. ಎದುರಿಗೆ ದೀಪ ಹಚ್ಚಿದರು. ಶುಭಕಾರ್ಯ ಎಂದು ಊದಿನಕಡ್ಡಿಯನ್ನೂ ಹಚ್ಚಿದರು. ಅಷ್ಟರಲ್ಲಿ ಸ್ಪೀಕರಿನ ಸದ್ದು ಇಳಿಯಿತು. ಏನಾದರೂ ಕೇಳೀತೇ ಎಂದು ಎಲ್ಲರೂ ಎದ್ದು ನಿಂತು, ತಲೆ ಬಗ್ಗಿಸಿ, ಕಿವಿಗೊಟ್ಟು, ಉಸಿರು ಬಿಗಿ ಹಿಡಿದರು.

ಸರಿಯಾಗಿ ಆಗ ಹೊಳಿಯಪ್ಪ ಬಂದ. ಬಸ್ಸು ತಡವಾಗಿತ್ತು. ಬಾಗಿಲಲ್ಲಿ ನಿಂತು ನೋಡಿದ: ಹಾರ ಹಾಕಿದ ಫೋಟೋ, ದೀಪ, ಊದಿನಕಡ್ಡಿ, ತಲೆ ತಗ್ಗಿಸಿ ಮೌನವಾಗಿ ನಿಂತ ಜನ.

"ಏನಾತ್ರಿ?" ಎಂದು ಹತ್ತಿರದವರನ್ನು ಕೇಳಿದ.

"ಶ್!" ಎಂದು ಅವರು ಬಾಯಿಯ ಮೇಲೆ ಬೆರಳಿಟ್ಟರು.

ಹೊಳಿಯಪ್ಪ ಹೊರಬಂದು ಕಾಸೀಮಸಾಬನನ್ನು ಕೇಳಿದ. "ಹಾರ ಯಾರಿಗ್ರಿ?"

"ರಾಣೆಬೆನ್ನೂರ ಪಾತ್ರಿ ಅಂಗಡಿ ವಿರೂಪಾಕ್ಷಪ್ಪನವರಿಗಂತ. ಮಾಸ್ತರು ಒಳ್ಳೇದ ಕೊಡು ಅಂದ್ರು, ಭಾಳ ದೊಡ್ಡ ಮನಶ್ಯಾ ಅಂತ ನೋಡ್ರಿ" ಎಂದ ಕಾಸೀಮಸಾಬ.

ಇಷ್ಟಾದ ಮೇಲೆ ಮನುಷ್ಯನಿಗೆ ಇನ್ನೇನು ಪುರಾವೆ ಬೇಕು? ಹೊಳಿಯಪ್ಪ ಮೊಬೈಲ್ ತೆಗೆದು ವಿರೂಪಾಕ್ಷಪ್ಪನಿಗೇ ಹಚ್ಚಿದ. ಸ್ವಿಚ್ ಆಫ್. ಭಾಷಣದ ಹೊತ್ತಿಗೆ ಮೊಬೈಲ್ ಸದ್ದಾಗಬಾರದೆಂದು ಮಂಡಳಿಯವರ ತಾಕೀತು. ಮನೆಯ ಫೋನಿಗೆ ಹಚ್ಚಿದ. ಎಂಗೇಜ್. ಆ ಲೈನಿನಲ್ಲೇ ಇಂಟರ್ನೆಟ್ಟು ಓಡುತ್ತಿತ್ತಲ್ಲ. ಸತ್ತ ಮನೆಯ ಫೋನು ಖಾಲಿ ಸಿಗುವುದುಂಟೇ ಎಂದುಕೊಂಡು ಗುತ್ತಲದ ಸಿದ್ದವ್ವನ ಮನೆಗೆ ಫೋನ್ ಮಾಡಿದ.

ಇತ್ತ ರಾಣೆಬೆನ್ನೂರಿನಲ್ಲಿ ನಾನೂ ವಿರೂಪಾಕ್ಷಪ್ಪನೂ ಬಾಗಿಲು ಹಾಕಿಕೊಂಡು ಕೋಣೆಯೊಳಗೆ ಕೂತಿದ್ದೆವು. ಹೇಳಿದಾಗ ಹೇಳಿದ ಕಳ್ಳಿಯನ್ನು ಎತ್ತಿ ಹಿಡಿಯುವುದು ನನ್ನ ಕೆಲಸ. ಹಾವೇರಿಯಲ್ಲಿ ಚಿತ್ರ ಬರುತ್ತಿಲ್ಲ ಎಂಬುದು ನಮಗೆ ಗೊತ್ತೇ ಇಲ್ಲ. ಕೈ ನೋಯುವಂತೆ ಎತ್ತಿ ಹಿಡಿದಿದ್ದೆ. ಹಾವೇರಿಯಲ್ಲಿ ಸ್ಪೀಕರಿನ ಸದ್ದು ಮರಳಿತೋ ಇಲ್ಲವೋ, ಮಾಸ್ತರರು ಪ್ರಾಸ್ತಾವಿಕಕ್ಕೆ ನಿಂತರು. ಸಸ್ಯಗಳ ಉಗಮ, ಋಷಿಗಳ ಆಶ್ರಮ, ತಮ್ಮ ವರ್ಗಾವಣೆಗಳು ಎಲ್ಲವೂ ಬಂದವು. ಅವರು ಕಳ್ಳಿಯ ಹತ್ತಿರ ಬರುವಷ್ಟರಲ್ಲಿ ಒಂದು ತಾಸು ಮೀರಿತ್ತು.

ಹೊರಗೆ ಅಂಗಳದಲ್ಲಿ ಶಾರದವ್ವ ಕಾವಲು. ಯಾರನ್ನೂ ಒಳಗೆ ಬಿಡಬೇಡ, ತುಟಿ ಪಿಟ್ಟೆನ್ನಬೇಡ ಎಂದು ಗಂಡನ ಕಟ್ಟಪ್ಪಣೆ. ಪಾಪ, ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಕೂತಿದ್ದಳು. ಜೋಳ ಹೊತ್ತು ಗಿರಣಿಗೆ ಬಂದ ಕುಲ್ಸುಮಬಿ, ಗಿರಣಿ ಬಂದ್ ಇದ್ದದ್ದು ನೋಡಿ, ಪಕ್ಕದಲ್ಲಿ ಶಾರದವ್ವ ಬಾಯಿಗೆ ಸೆರಗು ಒತ್ತಿ ಕೂತದ್ದನ್ನೂ ನೋಡಿದಳು.

"ಯಾರವಾ?" ಎಂದಳು ಮೆಲ್ಲಗೆ.

ಶಾರದವ್ವ ಮುಚ್ಚಿದ ಕೋಣೆಯ ಕಡೆ ಕೈ ತೋರಿಸಿದಳು.

"ಅಯ್ಯ ಶಿವನ! ಯಾವಾಗ?"

ಭಾಷಣ ಯಾವಾಗಿನಿಂದ ಎಂದು ಕೇಳುತ್ತಿದ್ದಾಳೆ ಅಂದುಕೊಂಡ ಶಾರದವ್ವ ಬೆರಳು ಮಡಚಿ ಹನ್ನೊಂದು ಎಂದು ತೋರಿಸಿದಳು. ಕುಲ್ಸುಮಬಿ ಜೋಳ ಅಲ್ಲೇ ಇಳಿಸಿ ಪಕ್ಕದಲ್ಲಿ ಕೂತು ಕಣ್ಣೊರೆಸಿಕೊಂಡಳು. ಅರ್ಧ ತಾಸಿನಲ್ಲಿ ಅಂಗಳ ತುಂಬಿತು. ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಅದಕ್ಕೆ ಮನೆಗೊಬ್ಬರಂತೆ ರೊಟ್ಟಿ, ಪಲ್ಯ, ಅನ್ನ, ಸಾರು ಹೊತ್ತು ತಂದರು. ನಮ್ಮವ್ವ ಮುದುಕವ್ವ ಮಾತ್ರ, "ನಮ್ಮ ಹನುಮೇಶ ಹೆಣದ ಹತ್ರ ಒಬ್ಬನ ಕುಂತಾನ, ದೋಸ್ತಿ ಅಂದ್ರ ಹಿಂಗಿರಬೇಕು" ಎಂದು ಎಲ್ಲರ ಮುಂದೆ ನನ್ನನ್ನು ಹೊಗಳಿದಳಂತೆ. ಬದುಕಿನಲ್ಲಿ ಅದೊಂದೇ ಸಲ ಅವ್ವ ನನ್ನನ್ನು ಹೊಗಳಿದ್ದು. ಇಷ್ಟೆಲ್ಲ ಆದರೂ ಶಾರದವ್ವ ಬಾಯಿ ಬಿಡಲಿಲ್ಲ. ಇವರೆಲ್ಲ ಭಾಷಣ ಕೇಳಲು ಬಂದವರು ಎಂದೇ ಅವಳು ತಿಳಿದಿದ್ದಳು. ಊಟ ಕಟ್ಟಿಕೊಂಡು ಬಂದದ್ದು ಯಾಕೆಂದು ಮಾತ್ರ ಅವಳಿಗೂ ತಿಳಿಯಲಿಲ್ಲವಂತೆ.

ಒಳಗೆ ಕೊನೆಗೂ ವಿರೂಪಾಕ್ಷಪ್ಪನ ಪಾಳಿ ಬಂತು. ಗಂಟಲು ಸರಿ ಮಾಡಿಕೊಂಡ. ಹೇಳಲೇಬೇಕು, ನನಗೆ ಅವನ ಮೇಲೆ ಅಭಿಮಾನ ಉಕ್ಕಿತು. ಪುಸ್ತಕದ ಭಾಷೆ ಬಿಟ್ಟು ಮನೆಯ ಮಾತಿನಲ್ಲೇ ಶುರು ಮಾಡಿದ. "ಇದು ಬಯಲಾಗ ಒಂದ ಬೆಳಿಯೂದಿಲ್ರಿ. ಯಾವುದರೆ ಪೊದಿ ಬುಡಕ್ಕ, ಅದರ ನೆಳ್ಳಿಗೆ ಹುಟ್ಟತೈತಿ. ದನಾ ಮೇಯಬಾರದು ಅಂತ ಆ ಪೊದಿ ಇದನ್ನ ಮುಚ್ಚಿ ಇಟಗೊಂಡಿರತೈತಿ. ನಾ ಮೂರು ಸಲ ತಂದು ಕುಂಡ್ಯಾಗ ಒಂದೊಂದ ಹಚ್ಚಿದೆ. ಮೂರೂ ಕೊಳತು. ಆಮ್ಯಾಲೆ ತಿಳೀತು, ಇದಕ್ಕ ನೀರಲ್ಲ ಬೇಕಾಗಿದ್ದು, ಮಗ್ಗಲಾಗ ಯಾರರೆ ಇರಬೇಕು ಅಂತ."

ಅಷ್ಟರಲ್ಲಿ ಹೊರಗೆ ಟೆಂಪೋ ನಿಂತ ಸದ್ದು. ಅದರ ಹಿಂದೆಯೇ ಎದೆ ಬಡಿದುಕೊಂಡು ಹಾಡಿ ಅಳುವ ಒಂದು ಹೆಣ್ಣುದನಿ. ನಮ್ಮ ಕಡೆಯ ಹೆಂಗಸರು ಸತ್ತವರ ಗುಣವನ್ನೆಲ್ಲ ಎತ್ತೆತ್ತಿ ಹಾಡಿ ಅಳುವುದು ನಿಮಗೆ ಗೊತ್ತೇ ಇದೆ.

"ಎಲ್ಲಿ ಹೋದ್ಯೋ ನನ್ನಣ್ಣಾ... ನನ್ನ ಬಿಟ್ಟ ಎಲ್ಲಿ ಹೋದ್ಯೋ... ಕಳ್ಳಿ ಬೇಲಿ ದಾಟಿ ಬಾರಿಹಣ್ಣ ತರತಿದ್ದ್ಯಲ್ಲೋ ಅಣ್ಣಾ... ನನ್ನ ಕಾಲಿಗೆ ಮುಳ್ಳ ನಟ್ಟರ ಹಲ್ಲೀಲೆ ಕಚ್ಚಿ ತಗೀತಿದ್ದ್ಯಲ್ಲೋ ಅಣ್ಣಾ..."

ಕೋಣೆಯ ಕಿಟಕಿ ಅಂಗಳದ ಕಡೆಗೆ, ಮುಚ್ಚಿದ್ದರೂ ಆ ಅಳು ಅದನ್ನು ದಾಟಿ ಒಳಬಂತು. ಮೈಕು ಕಿಟಕಿಯ ಹತ್ತಿರ. ಕಂಪ್ಯೂಟರಿನಲ್ಲಿ ಪಟಪಟನೆ ಅಕ್ಷರ ಮೂಡತೊಡಗಿದವು. ಮೈಸೂರಿನವರೊಬ್ಬರು, "ಅದ್ಭುತ! ಕಳ್ಳಿಯ ಬಗ್ಗೆ ಜನಪದ ಗೀತೆ!" ಎಂದು ಬರೆದರು. ಬಳ್ಳಾರಿಯವರು, "ಗಾಯಕಿಯ ಹೆಸರು ತಿಳಿಸಿ" ಎಂದರು. ಧಾರವಾಡದ ಅಧ್ಯಕ್ಷರ ದನಿ ಗದ್ಗದವಾಗಿ, "ಇಷ್ಟು ಭಾವಪೂರ್ಣ ಕಾರ್ಯಕ್ರಮ ನಮ್ಮ ಮಂಡಳಿಯಲ್ಲಿ ಆಗಿಲ್ಲ. ದಯಮಾಡಿ ಇನ್ನೊಂದು ನುಡಿ" ಎಂದಿತು.

ಅಂಗಳದಿಂದ ಇನ್ನೊಂದು ನುಡಿ ಬಂತು.

"ಕಳ್ಳಿಗೆ ಬಿಸಲ ಬಡದೀತಂತ ನೆಳ್ಳ ಮಾಡಿದ್ಯೋ ಅಣ್ಣಾ... ತಂಗಿ ಬಾಗಿಲಾಗ ನಿಂತ ದಾರಿ ನೋಡಿದ್ದ ನೋಡಲಿಲ್ಲಲ್ಲೋ ಅಣ್ಣಾ..."

ವಿರೂಪಾಕ್ಷಪ್ಪ ಮಾತು ನಿಲ್ಲಿಸಿ ಎದ್ದ. "ಹನುಮೇಶ, ಅದು ನಮ್ಮ ಸಿದ್ದಿ ದನಿ. ಯಾರೋ ಹೋಗ್ಯಾರ!" ಎಂದವನೇ ಮೈಕು, ಮೈಸೂರು, ಧಾರವಾಡ ಎಲ್ಲವನ್ನೂ ಬಿಟ್ಟು ಹೊರಗೆ ಓಡಿದ. ನಾನು ಕಳ್ಳಿ ಹಿಡಿದುಕೊಂಡೇ ಹಿಂದೆ ಓಡಿದೆ.

ಅಂಗಳದ ಜನ ಅವನನ್ನು ನೋಡಿ ಬಾಯಿ ತೆರೆದವರು ಮುಚ್ಚಲಿಲ್ಲ. ಸಿದ್ದವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನೆಲಕ್ಕೆ ಹಣೆ ಹಚ್ಚಿದ್ದಳು, ಏನೂ ಕಾಣಲಿಲ್ಲ. ಇವನು ಹೋಗಿ ಅವಳ ಪಕ್ಕ ಕುಸಿದು ಕೂತು, ತಬ್ಬಿಕೊಂಡು, ತಾನೂ ಹೋ ಎಂದು ಅಳಲು ಹತ್ತಿದ. ಒಂದಷ್ಟು ಹೊತ್ತು ಇಬ್ಬರೂ ಜೊತೆಗೂಡಿ ಅತ್ತರು. ಆಮೇಲೆ ಅವನೇ ಮೂಗು ಒರೆಸಿಕೊಂಡು ಕೇಳಿದ:

"ಹೋದಾವರು ಯಾರವಾ ತಂಗಿ?"

"ನಮ್ಮಣ್ಣ!"

"ಯಾವ ಅಣ್ಣ?"

"ನನಗ ಇದ್ದಾಂವ ಒಬ್ಬನಲ್ಲೋ ಯಪ್ಪಾ..."

"ಒಬ್ಬನ ಅಂದ್ರ, ನಾನಲ್ಲೇನು?"

ಸಿದ್ದವ್ವ ಸೆರಗು ಸರಿಸಿ ನೋಡಿದಳು. ಎದುರಿಗೆ ವಿಭೂತಿ ಹಚ್ಚಿಕೊಂಡು, ಕೋಟು ಹಾಕಿಕೊಂಡು, ಕಣ್ಣೀರಿಳಿಸುತ್ತ ಕೂತ ಅಣ್ಣ. ಅವಳು ಚೀರಲಿಲ್ಲ, ಮೂರ್ಛೆ ಹೋಗಲಿಲ್ಲ. ಎರಡೂ ಕೈಯಿಂದ ಅವನ ಬೆನ್ನಿಗೆ, ಭುಜಕ್ಕೆ, ಸಿಕ್ಕಲ್ಲೆಲ್ಲ ಬಾರಿಸಿದಳು. "ಸತ್ತಿಲ್ಲೇನೋ ಭಾಡ್ಯಾ! ಸತ್ತಿಲ್ಲೇನೋ!" ಎಂದು ಹೊಡೆಯುತ್ತ ಹೊಡೆಯುತ್ತ ಮತ್ತೆ ಅವನ ಎದೆಗೇ ಬಿದ್ದು ಅತ್ತಳು. ನನ್ನ ಕಣ್ಣೂ ತುಂಬಿತ್ತು. ಕೈಯಲ್ಲಿ ಕಳ್ಳಿ ಇತ್ತಾದ್ದರಿಂದ ಒರೆಸಿಕೊಳ್ಳಲು ಆಗಲಿಲ್ಲ.

ಒಳಗೆ ಸ್ಪೀಕರಿನಿಂದ ಪ್ರೇಮಕುಮಾರ ಮಾಸ್ತರರ ವಂದನಾರ್ಪಣೆ ನಡೆದೇ ಇತ್ತು. ಅದನ್ನು ಯಾರೂ ಕೇಳಲಿಲ್ಲ. ಹೊಳಿಯಪ್ಪನ ಫೋನಿನ ಕಥೆ ಹೊರಬಿದ್ದ ಮೇಲೆ ಜನ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡರು. ಸತ್ತ ಮನೆಗೆಂದು ತಂದ ಬುತ್ತಿಯನ್ನು ಮರಳಿ ಒಯ್ಯಬಾರದು ಎಂದು ಮುದುಕವ್ವ ಹಟ ಹಿಡಿದಳು. ಸತ್ತವನನ್ನೇ ನಡುವೆ ಕೂರಿಸಿಕೊಂಡು ಓಣಿಯೆಲ್ಲ ಊಟ ಮಾಡಿತು. ಕುಲ್ಸುಮಬಿಯ ಜೋಳವನ್ನು ನಾನು ಅಂದು ಪುಕ್ಕಟೆ ಬೀಸಿಕೊಟ್ಟೆ.

ಸಂಜೆ ಸಿದ್ದವ್ವನ ಗಂಡ ಕೊಟ್ರೇಶ ದನಗಳಿಗೆ ಮೇವು ಹಾಕಬೇಕೆಂದು ಟೆಂಪೋದಲ್ಲಿ ಹೊರಟ. ಸಿದ್ದವ್ವನೂ ಎದ್ದು ನಿಂತಳು. ವಿರೂಪಾಕ್ಷಪ್ಪ ಬಾಗಿಲಿಗೆ ಅಡ್ಡ ನಿಂತ.

"ಪಂಚಮಿ ನಾಕ ದಿನ ಐತಿ, ಸಿದ್ದಿ. ಇಲ್ಲೇ ಇದ್ದಬಿಡು. ಕಳ್ಳಿ ಎಲ್ಲಾ ಮಾಳಗಿ ಮ್ಯಾಲೆ ಒಯ್ದಿಡತೇನಿ. ಬೇಕಾದ್ರ ಈಗ ಕಿತ್ತು ಒಗಿತೇನಿ."

"ಕಳ್ಳಿ ಏನ ಮಾಡೇತಿ ನಿನಗ? ಆ ಬ್ಯಾಡಗಿ ಮನಶ್ಯಾಗ ಮುಳ್ಳ ಚುಚ್ಚಿದ್ದ ಛಲೋ ಆತು. ಅಂಥ ಮನಿಗೆ ಹೋಗಿದ್ರ ನನ್ನ ಮಗಳು ಕಣ್ಣೀರಿನ್ಯಾಗ ಕೈ ತೊಳೀತಿದ್ಲು."

"ಮತ್ತ ನಾಕ ವರ್ಷ ಯಾಕ ಬರಲಿಲ್ಲ? ನಾ ಕರದಿದ್ನಲ್ಲ!"

"ಹ್ಯಾಂಗ ಕರದಿ?"

"ಫೋನ್ ಮಾಡಿ..."

"ಹೂಂ. ಫೋನ್ ಮಾಡಿ!" ಎಂದಳು ಸಿದ್ದವ್ವ. "ಅಪ್ಪ ಇದ್ದಾಗ ಚಕ್ಕಡಿ ಹೂಡಿ ಬಂದು ಕರಕೊಂಡು ಹೋಗತಿದ್ದ. ಓಣ್ಯಾಗಿನ ಹೆಣ್ಣಮಕ್ಕಳಿಗೆಲ್ಲಾ ಅಣ್ಣ ತಮ್ಮಂದ್ರು ಬರತಾರ, ಹೊಸ್ತಲದಾಗ ನಿಂತು ಕರಿತಾರ. ನನಗೊಬ್ಬಾಕೀಗೆ ಟ್ರಿಣ್ ಟ್ರಿಣ್ ಅಂತ ಫೋನು. ಹಂಗ ಎದ್ದು ಬರಾಕ ನಾ ಏನು ತವರಿಲ್ಲದಾಕಿ ಏನೋ?"

ನಾಲ್ಕು ವರ್ಷ ವಿರೂಪಾಕ್ಷಪ್ಪ ಕಳ್ಳಿಯನ್ನೇ ಗುಮಾನಿಯಿಂದ ನೋಡಿದ್ದ. ಕೊನೆಗೆ, "ಈಗ ಬಂದೀಯಲ್ಲ, ಇರು" ಎಂದ ಸಣ್ಣ ದನಿಯಲ್ಲಿ.

"ಸತ್ತೀದಿ ಅಂತ ಬಂದೇನಿ. ಹಬ್ಬಕ್ಕ ಕರದ್ರ ಬಂದಂಗಾತೇನು?" ಎಂದವಳೇ ಹೋಗಿ ಟೆಂಪೋ ಹತ್ತಿ ಕೂತಳು.

ವಿರೂಪಾಕ್ಷಪ್ಪ ಕೋಟಿನ ಗುಂಡಿ ಹಾಕಿಕೊಂಡು, ನನ್ನ ಕೈ ಹಿಡಿದೆಳೆದು, ಅದೇ ಟೆಂಪೋ ಹತ್ತಿದ. ದಾರಿಯುದ್ದಕ್ಕೂ ಅಣ್ಣ ತಂಗಿ ಎದುರುಬದುರು ಕೂತು ಒಬ್ಬರು ಎಡಗಡೆಯ ಹೊಲ, ಒಬ್ಬರು ಬಲಗಡೆಯ ಹೊಲ ನೋಡಿದರು. ಕೊಟ್ರೇಶನೂ ನಾನೂ ಮಳೆಯ ಬಗ್ಗೆ ಮಾತಾಡಿದೆವು, ಮಳೆ ಇರಲಿಲ್ಲ.

ಗುತ್ತಲದಲ್ಲಿ ಇಳಿದ ಕೂಡಲೇ ಸಿದ್ದವ್ವ ಬಿರಬಿರನೆ ಮುಂದೆ ನಡೆದು, ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಗಂಡನನ್ನೂ ಹೊರಗೇ ಬಿಟ್ಟಳು. ವಿರೂಪಾಕ್ಷಪ್ಪ ಮೆಟ್ಟಿಲ ಬಳಿ ನಿಂತು, ಬೆವರು ಒರೆಸಿಕೊಂಡು, ಚಿಲಕ ಬಡಿದ. ಎದುರು ಮನೆಯ ಹೊಳಿಯಪ್ಪ ಆಗಷ್ಟೇ ಹಾವೇರಿಯಿಂದ ಬಂದಿದ್ದ. ಕಟ್ಟೆಯ ಮೇಲೆ ಕೂತಿದ್ದವನು ಸತ್ತವನು ಬಾಗಿಲು ಬಡಿಯುವುದನ್ನು ನೋಡಿ ಎದ್ದು ಒಳಗೆ ಓಡಿದ.

ಬಾಗಿಲು ತೆರೆಯಿತು. ಸಿದ್ದವ್ವನ ಕೈಯಲ್ಲಿ ಕಾಲಿಗೆ ನೀರು ಕೊಡುವ ತಂಬಿಗೆ. ಮುಖ ತೊಳೆದು ಕುಂಕುಮ ಹಚ್ಚಿಕೊಂಡಿದ್ದಳು.

"ಯಾರ ಬಂದ್ರು? ಅಯ್ಯ, ಅಣ್ಣ! ಯಾವಾಗ ಬಂದ್ಯೋ? ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲೋ?" ಎಂದಳು, ನಾಲ್ಕು ಜನಕ್ಕೆ ಕೇಳುವಷ್ಟು ಗಟ್ಟಿಯಾಗಿ.

"ಆರಾಮ ಅದೇವಿ." ವಿರೂಪಾಕ್ಷಪ್ಪ ಹೊಸ್ತಿಲಿನಲ್ಲೇ ನಿಂತು ಕೈ ಜೋಡಿಸಿದ. ಇಡೀ ನಾಡಿನ ಮುಂದೆ ಮೈಕು ಹಿಡಿದು ತಡವರಿಸದವನಿಗೆ ಇಲ್ಲಿ ನಾಲಿಗೆ ಹೊರಳಲಿಲ್ಲ. "ಪಂಚಮಿ ಬಂತವಾ ತಂಗಿ. ಕರಿಯಾಕ... ನಿನ್ನ ಕರಿಯಾಕ ನಾ ಬಂದೇನಿ."

ಸಿದ್ದವ್ವ ತಂಬಿಗೆಯನ್ನು ಅಲ್ಲೇ ಇಟ್ಟಳು. ಒಳಗೆ ಹೋಗಲೂ ಇಲ್ಲ, ತಡಿ ಎನ್ನಲೂ ಇಲ್ಲ. ಬಾಗಿಲ ಹಿಂದೆ ಕೈ ಚಾಚಿ ಒಂದು ಚೀಲ ಹೊರತೆಗೆದಳು. ತುಂಬಿ, ಬಾಯಿ ಕಟ್ಟಿ, ತಯಾರಾಗಿ ಇಟ್ಟ ಚೀಲ.

"ಇಷ್ಟ ಲಗೂ ಯಾವಾಗ ತುಂಬಿದ್ಲು?" ಎಂದೆ ನಾನು, ಬೆರಗಾಗಿ.

"ಇವತ್ತ ಎಲ್ಲಿ ತುಂಬಿದ್ಲ್ರಿ" ಎಂದ ಕೊಟ್ರೇಶ ಮೆಲ್ಲಗೆ. "ಪ್ರತಿ ವರ್ಷ ಪಂಚಮಿ ಹತ್ರ ಬಂತಂದ್ರ ತುಂಬಿ ಬಾಗಲ ಹಿಂದ ಇಡತಾಳ. ಹಬ್ಬ ಮುಗದ ಮರುದಿನ ಒಂದೊಂದ ಸೀರಿ ತಗದ ಒಳಗ ಇಡತಾಳ."

ವಿರೂಪಾಕ್ಷಪ್ಪ ಅದನ್ನು ಕೇಳಿದ. ಚೀಲವನ್ನು ತಂಗಿಯ ಕೈಯಿಂದ ತೆಗೆದುಕೊಂಡು ಹೆಗಲಿಗೇರಿಸಿ, ಮುಖ ಆಚೆ ತಿರುಗಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದೇಬಿಟ್ಟ.

"ಲೇ ಅಣ್ಣಾ, ಒಂದ ಕಪ್ಪು ಚಾ ಅರೆ ಕುಡದ ಹೋಗೋಣು, ನಿಂದ್ರೋ!" ಎನ್ನುತ್ತ ಸಿದ್ದವ್ವ ಚಪ್ಪಲಿ ಮೆಟ್ಟುವುದನ್ನೂ ಮರೆತು ಅವನ ಹಿಂದೆ ಓಡಿದಳು.